ಬರಬೇಕಾದ ಹಣ ಎಲ್ಲಿ ಸಿಕ್ಕಿಕೊಂಡಿದೆ? ಪಹಣಿಯಿಂದ ಬ್ಯಾಂಕಿನವರೆಗೆ ಹುಡುಕುವ ದಾರಿ

ಪಕ್ಕದ ಹೊಲದವರಿಗೆ ಬೆಳೆ ಪರಿಹಾರ ಬಂದಿದೆ, ನಿಮಗೆ ಬಂದಿಲ್ಲ. ಮಳೆ ಇಬ್ಬರ ಹೊಲಕ್ಕೂ ಒಂದೇ ಥರ ಬಿದ್ದಿತ್ತು. ಇಂಥ ಹೊತ್ತಲ್ಲಿ ಹೆಚ್ಚಿನವರು ಮೊದಲು ಓಡುವುದು ಬ್ಯಾಂಕಿಗೆ. ಬ್ಯಾಂಕಿನವರು "ನಮ್ಮ ಕಡೆ ಏನೂ ಬಂದಿಲ್ಲ, ತಾಲ್ಲೂಕು ಆಫೀಸಲ್ಲಿ ಕೇಳಿ" ಅಂತಾರೆ. ತಾಲ್ಲೂಕು ಆಫೀಸಲ್ಲಿ "ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ" ಎಂಬ ಉತ್ತರ. ಅಲ್ಲಿ ಹೋದರೆ "ಬ್ಯಾಂಕಲ್ಲಿ ಆಧಾರ್ ಲಿಂಕ್ ಮಾಡಿಸಿ ಬನ್ನಿ". ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜೂ ಹೋಯಿತು.

ಈ ಮೂವರೂ ಸುಳ್ಳು ಹೇಳುತ್ತಿಲ್ಲ. ಒಬ್ಬೊಬ್ಬರಿಗೂ ಅವರವರ ಕಂಪ್ಯೂಟರಿನಲ್ಲಿ ಕಾಣುವುದಷ್ಟೇ ಗೊತ್ತು. ಕರ್ನಾಟಕದಲ್ಲಿ ರೈತರಿಗೆ ಬರುವ ಸರ್ಕಾರದ ದುಡ್ಡು ನಾಲ್ಕು ದಾಖಲೆಗಳನ್ನು ದಾಟಿ ಬರುತ್ತದೆ: ಪಹಣಿ, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಬೆಳೆ ಸಮೀಕ್ಷೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ. ಈ ನಾಲ್ಕರಲ್ಲಿ ಒಂದರ ಮಾತು ಇನ್ನೊಂದಕ್ಕೆ ತಾಳೆಯಾಗದಿದ್ದರೆ ಹಣ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮೇಲಿನಿಂದ ಕೆಳಕ್ಕೆ, ಪಹಣಿಯಿಂದ ಬ್ಯಾಂಕಿನ ಕಡೆಗೆ, ಒಂದೊಂದಾಗಿ ನೋಡುತ್ತ ಬನ್ನಿ. ಬ್ಯಾಂಕು ಕೊನೆಗೆ.

ಮೊದಲು: ಯಾವ ಹಣ ಬರಬೇಕಿತ್ತು?

"ಸಬ್ಸಿಡಿ ಬಂದಿಲ್ಲ" ಎಂದು ಕೇಳಿದರೆ ಯಾರಿಗೂ ಉತ್ತರ ಕೊಡಲು ಆಗುವುದಿಲ್ಲ. ಪಿಎಂ ಕಿಸಾನ್ ಕಂತು ಕೇಂದ್ರದ ಹಣ, ನೋಡಿಕೊಳ್ಳುವುದು ಕೃಷಿ ಇಲಾಖೆ. ಮಳೆ, ಬರಕ್ಕೆ ಸಿಗುವ ಬೆಳೆ ಪರಿಹಾರ ಕಂದಾಯ ಇಲಾಖೆಯದ್ದು. ಬೆಳೆ ವಿಮೆಯ ಹಣ ಕೊಡುವುದು ವಿಮಾ ಕಂಪನಿ. ಸ್ಪ್ರಿಂಕ್ಲರ್, ಪವರ್ ಟಿಲ್ಲರ್, ಕೃಷಿ ಹೊಂಡಕ್ಕೆ ಸಿಗುವುದು ಕೃಷಿ ಇಲಾಖೆಯ ಸಹಾಯಧನ. ಹನಿ ನೀರಾವರಿ ತೋಟದ ಬೆಳೆಗಾದರೆ ತೋಟಗಾರಿಕೆ ಇಲಾಖೆ, ಹಿಪ್ಪುನೇರಳೆಗಾದರೆ ರೇಷ್ಮೆ ಇಲಾಖೆ. ಹಾಲಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬರಬೇಕಿದ್ದರೆ ಮೊದಲು ಡೈರಿ ಕಾರ್ಯದರ್ಶಿಯನ್ನು ಕೇಳಿ, ನಿಮ್ಮ ಹೆಸರು, ಆಧಾರ್ ಕಳಿಸುವುದು ಅಲ್ಲಿಂದಲೇ.

ಒಂದು ಹಾಳೆಯಲ್ಲಿ ಯೋಜನೆಯ ಹೆಸರು, ವರ್ಷ, ಹಂಗಾಮು, ಸರ್ವೆ ನಂಬರ್ ಬರೆದುಕೊಳ್ಳಿ. ಈ ಹಾಳೆ ಕೈಯಲ್ಲಿದ್ದರೆ ಕೌಂಟರಿನಲ್ಲಿ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಎರಡನೆಯದು: ಪಹಣಿ ಯಾರ ಹೆಸರಲ್ಲಿದೆ?

ಇದೇ ಎಲ್ಲಕ್ಕಿಂತ ದೊಡ್ಡ ತೊಡಕು. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಭೂಮಿ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್ ಆಯ್ಕೆ ಮಾಡಿದರೆ ಪಹಣಿ ತೆರೆದುಕೊಳ್ಳುತ್ತದೆ. ಬರೀ ನೋಡುವುದಕ್ಕೆ ದುಡ್ಡಿಲ್ಲ. 9ನೇ ಕಾಲಂ ನೋಡಿ. ಮಾಲೀಕರ ಹೆಸರು, ಅವರ ಪಾಲಿನ ವಿಸ್ತೀರ್ಣ, ಖಾತೆ ನಂಬರ್ ಅಲ್ಲಿದೆ. 11ನೇ ಕಾಲಂನಲ್ಲಿ ಸಾಲದ ಬಾಬ್ತು, ಇತರ ಹಕ್ಕುಗಳು. 12ರಲ್ಲಿ ಬೆಳೆ, ಸಾಗುವಳಿ ವಿವರ.

9ನೇ ಕಾಲಂನಲ್ಲಿ ಇನ್ನೂ ಅಜ್ಜನ ಹೆಸರೇ ಇದೆಯಾ? ಅಜ್ಜ ತೀರಿಕೊಂಡು ಎಷ್ಟೋ ವರ್ಷವಾಗಿದೆಯಾ? ಹಾಗಿದ್ದರೆ ಮುಂದಿನ ಯಾವ ಹೆಜ್ಜೆಯೂ ಕೆಲಸ ಮಾಡುವುದಿಲ್ಲ. ತೀರಿಕೊಂಡವರ ಆಧಾರ್‌ಗೆ ಹಣ ಹಾಕುವ ದಾರಿ ಇಲ್ಲ. ನಿಮ್ಮ ಹೆಸರು ಪಹಣಿಯಲ್ಲಿ ಇಲ್ಲವಾದ್ದರಿಂದ ನಿಮಗೂ ಹಾಕುವುದಿಲ್ಲ. ಮೊದಲು ಪೌತಿ ಖಾತೆ ಮಾಡಿಸಬೇಕು, ಅಂದರೆ ತೀರಿಕೊಂಡವರ ಹೆಸರಿನ ಜಾಗಕ್ಕೆ ವಾರಸುದಾರರ ಹೆಸರು ತರಬೇಕು.

ಅದಕ್ಕೆ ಬೇಕಾದ ಕಾಗದಗಳು: ಮರಣ ಪ್ರಮಾಣ ಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್, ಈಗಿನ ಪಹಣಿ. ವಂಶವೃಕ್ಷಕ್ಕೆ ನಾಡ ಕಚೇರಿಯಲ್ಲಿ ಅರ್ಜಿ ಕೊಡಿ. ಗ್ರಾಮ ಆಡಳಿತ ಅಧಿಕಾರಿ (ಹಳೇ ಹೆಸರು ಗ್ರಾಮ ಲೆಕ್ಕಿಗರು) ಮತ್ತು ಕಂದಾಯ ನಿರೀಕ್ಷಕರ ವರದಿ ಆಗಬೇಕು. ಆಮೇಲೆ ಮ್ಯುಟೇಶನ್‌ಗೆ (ಹೆಸರು ಬದಲಾವಣೆಗೆ) ನೋಟಿಸ್ ಹೊರಡುತ್ತದೆ. ತಕರಾರು ಬರದಿದ್ದರೆ ಹೆಸರು ಕೂರುತ್ತದೆ. ತಕರಾರು ಬಂದರೆ ಪ್ರಕರಣ ವಿಚಾರಣೆಗೆ ಹೋಗುತ್ತದೆ. ಆಗ ತಿಂಗಳುಗಟ್ಟಲೆ ಕಾಯಲು ಸಿದ್ಧರಾಗಿ.

ಇಲ್ಲಿ ಒಂದು ಮಾತು. ಮದುವೆಯಾಗಿ ಹೋದ ಅಕ್ಕ ತಂಗಿಯರ ಹೆಸರನ್ನು ವಂಶವೃಕ್ಷದಿಂದ ಬಿಟ್ಟುಬಿಡೋಣ, ಬೇಗ ಮುಗಿಯುತ್ತದೆ ಎಂದು ಸಲಹೆ ಕೊಡುವವರು ಊರಲ್ಲಿ ಇದ್ದೇ ಇರುತ್ತಾರೆ. ಕೇಳಬೇಡಿ. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಮುಚ್ಚಿಟ್ಟ ಹೆಸರು ಮುಂದೊಂದು ದಿನ ಕೋರ್ಟಿನ ಕಾಗದವಾಗಿ ಮನೆಗೆ ಬರುತ್ತದೆ. ಸಾಧ್ಯವಾದರೆ ಎಲ್ಲರೂ ಕೂತು ವಿಭಾಗ ಪತ್ರ ನೋಂದಣಿ ಮಾಡಿಸಿಕೊಳ್ಳುವುದು ಒಳ್ಳೆಯದು. ಬರೀ ಪೌತಿಯಾದರೆ ಹೆಸರುಗಳೆಲ್ಲ ಜಂಟಿಯಾಗಿ ಕೂರುತ್ತವೆ, ಯಾರ ಪಾಲು ಎಷ್ಟು ಎಂಬ ತಕರಾರು ಪರಿಹಾರದ ಹಣ ಬಂದಾಗಲೆಲ್ಲ ಎದ್ದು ನಿಲ್ಲುತ್ತದೆ.

ಪೋಡಿ (ಹೊಲ ಅಳೆದು ಪಾಲು ಬೇರೆ ಮಾಡುವುದು) ಆದವರು ಇನ್ನೊಂದು ವಿಷಯ ನೋಡಬೇಕು. ಪೋಡಿ, ದುರಸ್ತು ಆದ ಮೇಲೆ ಸರ್ವೆ ನಂಬರಿನ ಹಿಸ್ಸಾ ಬದಲಾಗುತ್ತದೆ. ಪಹಣಿಯಲ್ಲಿ ಹೊಸ ನಂಬರ್ ಬಂತು ಎಂದು ಖುಷಿಪಟ್ಟು ಸುಮ್ಮನಿದ್ದರೆ, ಎಫ್‌ಐಡಿಯಲ್ಲಿ ಹಳೇ ನಂಬರೇ ಉಳಿದಿರುತ್ತದೆ. ಇದು ಮುಂದಿನ ಹೆಜ್ಜೆಯಲ್ಲಿ ಕಾಟ ಕೊಡುತ್ತದೆ.

ಪಹಣಿಗೆ ಆಧಾರ್ ಜೋಡಿಸುವ ಕೆಲಸವನ್ನು ಕಂದಾಯ ಇಲಾಖೆ 2024ರಲ್ಲಿ ದೊಡ್ಡದಾಗಿಯೇ ಮಾಡಿತು. ನಿಮ್ಮದು ಆಗಿದೆಯಾ ಎಂದು ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ. ಪಹಣಿಯಲ್ಲಿ "ಬಸಪ್ಪ ಬಿನ್ ನಿಂಗಪ್ಪ", ಆಧಾರ್‌ನಲ್ಲಿ "ಬಸವರಾಜ" ಎಂದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಇನ್ನು ಗೇಣಿಗೆ ಮಾಡುವವರು. 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಆದರೆ ಗೇಣಿ, ಪಾಲು ನಿಂತಿಲ್ಲ, ಬಾಯಿಮಾತಿಗೆ ಇಳಿಯಿತು ಅಷ್ಟೇ. ಕಾಗದ ಇಲ್ಲ, ಹಾಗಾಗಿ ಪಿಎಂ ಕಿಸಾನ್ ಇಲ್ಲ. ಬೆಳೆ ಹಾಳಾದರೆ ಪರಿಹಾರ ಪಹಣಿಯಲ್ಲಿ ಹೆಸರಿರುವವರ ಖಾತೆಗೇ ಹೋಗುತ್ತದೆ. ಬೀಜ, ಗೊಬ್ಬರ, ಬೆವರು ಯಾರದ್ದು ಎಂದು ಸಾಫ್ಟ್‌ವೇರ್ ಕೇಳುವುದಿಲ್ಲ. ಇದು ನ್ಯಾಯ ಅಲ್ಲ, ಆದರೆ ಸದ್ಯದ ಸ್ಥಿತಿ ಹೀಗಿದೆ. ಗೇಣಿ ಮಾತಾಡುವಾಗಲೇ ಪರಿಹಾರ ಬಂದರೆ ಏನು ಎಂಬುದನ್ನು ನಾಲ್ಕು ಜನರ ಮುಂದೆ ಮಾತಾಡಿಕೊಳ್ಳಿ. ಬಗರ್ ಹುಕುಂ ಸಾಗುವಳಿಯವರಿಗೂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಉಳುತ್ತಿರುವವರಿಗೂ, ಇದೇ ಪಾಡು. ಸಾಗುವಳಿ ಚೀಟಿ ಸಿಕ್ಕಿ, ಪಹಣಿಯಲ್ಲಿ ಹೆಸರು ಕೂರುವ ತನಕ ಲೆಕ್ಕಕ್ಕಿಲ್ಲ.

ಮೂರನೆಯದು: ಎಫ್‌ಐಡಿಯಲ್ಲಿ ಎಲ್ಲ ಹೊಲವೂ ಇದೆಯಾ?

ಫ್ರೂಟ್ಸ್ ಎಂಬುದು ರಾಜ್ಯದ ರೈತರ ನೋಂದಣಿ ತಂತ್ರಾಂಶ. ಅದರಲ್ಲಿ ಸಿಗುವ ಗುರುತಿನ ಸಂಖ್ಯೆಯೇ ಎಫ್‌ಐಡಿ. ರೈತ ಸಂಪರ್ಕ ಕೇಂದ್ರ, ತೋಟಗಾರಿಕೆ, ಪಶುಪಾಲನೆ, ರೇಷ್ಮೆ ಇಲಾಖೆಯ ಕಚೇರಿ, ಎಲ್ಲಿ ಬೇಕಾದರೂ ಮಾಡಿಸಬಹುದು. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಫೋಟೊ, ಮೊಬೈಲ್ ನಂಬರ್ ಬೇಕು. ಪರಿಶಿಷ್ಟ ಜಾತಿ, ಪಂಗಡದವರು ಜಾತಿ ಪ್ರಮಾಣ ಪತ್ರದ ಮೇಲಿರುವ ಆರ್‌ಡಿ ನಂಬರನ್ನೂ ತಪ್ಪದೆ ಹಾಕಿಸಿ. ಸಹಾಯಧನದ ಪ್ರಮಾಣ ಅದರ ಮೇಲೆ ನಿಂತಿದೆ.

"ನನ್ನ ಎಫ್‌ಐಡಿ ಆಗಿದೆ" ಎಂದಷ್ಟಕ್ಕೆ ಸಮಾಧಾನಪಡಬೇಡಿ. ಕೇಂದ್ರಕ್ಕೆ ಹೋಗಿ ವಿವರದ ಪ್ರಿಂಟ್ ಕೇಳಿ. ಅದರಲ್ಲಿ ಸರ್ವೆ ನಂಬರುಗಳ ಪಟ್ಟಿ ಇರುತ್ತದೆ. ಪಹಣಿಗಳನ್ನು ಪಕ್ಕದಲ್ಲಿಟ್ಟು ಒಂದೊಂದೇ ಹೋಲಿಸಿ. ಬೇರೆ ಊರಿನ ಹೊಲ, ಬೇರೆ ತಾಲ್ಲೂಕಿನ ಹೊಲ, ಆಮೇಲೆ ಕೊಂಡ ಹೊಲ ಇವೇ ಬಿಟ್ಟುಹೋಗಿರುವುದು ಜಾಸ್ತಿ. ಸೇರದ ಸರ್ವೆ ನಂಬರಿಗೆ ಪರಿಹಾರ ಬರುವುದಿಲ್ಲ, ಅಷ್ಟೇ ಸರಳ. ನಾಲ್ಕು ಎಕರೆ ಇದ್ದವರಿಗೆ ಒಂದೂವರೆ ಎಕರೆಯ ಹಣ ಬಂದಿದೆ ಎಂದರೆ ಬಹುಪಾಲು ಕಾರಣ ಇದೇ.

ಜಂಟಿ ಖಾತೆಯಲ್ಲಿ ಪಾಲು ನಮೂದಾಗಿದ್ದರೆ ಅವರವರ ಪಾಲು ಅವರವರ ಎಫ್‌ಐಡಿಗೆ ಸೇರುತ್ತದೆ. ನಮೂದಾಗಿಲ್ಲದಿದ್ದರೆ ಉಳಿದವರ ಒಪ್ಪಿಗೆ ಪತ್ರ ಕೇಳುತ್ತಾರೆ. ದೀಪಾವಳಿಗೋ ಜಾತ್ರೆಗೋ ಎಲ್ಲರೂ ಊರಿಗೆ ಬಂದಾಗ ಸಹಿ ಹಾಕಿಸಿಟ್ಟುಕೊಳ್ಳಿ. ಬೆಂಗಳೂರಿನಲ್ಲಿರುವ ತಮ್ಮನನ್ನು ಪರಿಹಾರದ ಕೊನೇ ದಿನ ಕರೆಸುವುದು ಆಗುವ ಮಾತಲ್ಲ.

ನಾಲ್ಕನೆಯದು: ಬೆಳೆ ಸಮೀಕ್ಷೆಯಲ್ಲಿ ಏನೆಂದು ಬರೆದಿದೆ?

ಇದನ್ನು ಯಾರೂ ನೋಡುವುದಿಲ್ಲ, ಆದರೆ ಆಟ ಕೆಡುವುದು ಇಲ್ಲೇ. ಮುಂಗಾರು, ಹಿಂಗಾರು, ಬೇಸಿಗೆ ಹಂಗಾಮಿನಲ್ಲಿ ಪ್ರತಿ ಸರ್ವೆ ನಂಬರಿನ ಬೆಳೆಯನ್ನು ಫೋಟೊ ಸಮೇತ ದಾಖಲಿಸುತ್ತಾರೆ. ಊರಿನ ಖಾಸಗಿ ನಿವಾಸಿ, ಅಂದರೆ ಇದಕ್ಕಾಗಿ ನೇಮಿಸಿಕೊಂಡ ಹುಡುಗ, ಹೊಲ ಹೊಲ ಸುತ್ತಿ ಈ ಕೆಲಸ ಮಾಡುತ್ತಾನೆ. 2020ರ ಮುಂಗಾರಿನಿಂದ ರೈತರೇ ಮೊಬೈಲಿನಲ್ಲಿ ಮಾಡಲು ಬೆಳೆ ಸಮೀಕ್ಷೆ ಆ್ಯಪ್ ಇದೆ. ನನ್ನ ಸಲಹೆ, ನಿಮ್ಮ ಹೊಲದ್ದು ನೀವೇ ಮಾಡಿ. ಹೊಲದೊಳಗೆ ನಿಂತು, ಜಿಪಿಎಸ್ ಆನ್ ಇಟ್ಟು, ಬೆಳೆ, ವಿಸ್ತೀರ್ಣ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನು ಹಾಕಿ ಫೋಟೊ ತೆಗೆದರೆ ಮುಗಿಯಿತು. ಮನೆಯಲ್ಲಿ ಸ್ಮಾರ್ಟ್‌ಫೋನ್ ಹಿಡಿಯಲು ಬರುವ ಮಗಳಿಗೋ ಮಗನಿಗೋ ಹೇಳಿ.

ಆಮೇಲೆ ಬೆಳೆ ದರ್ಶಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಏನು ದಾಖಲಾಗಿದೆ ನೋಡಬಹುದು. ಈರುಳ್ಳಿ ಹಾಕಿದ್ದೀರಿ, ಅಲ್ಲಿ ಮೆಕ್ಕೆಜೋಳ ಎಂದಿದೆ. ಅಥವಾ "ಬೀಳು" ಎಂದೇ ಇದೆ. ಅದೇ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಲು ಅವಕಾಶವಿದೆ, ಆದರೆ ಗಡುವಿನೊಳಗೆ ಮಾತ್ರ. ಬೆಳೆ ಹೊಲದಲ್ಲಿ ನಿಂತಿರುವಾಗಲೇ ಆಕ್ಷೇಪಣೆ ಹಾಕಿ. ಕಟಾವಾದ ಮೇಲೆ ಖಾಲಿ ಹೊಲ ತೋರಿಸಿ "ಇಲ್ಲಿ ಈರುಳ್ಳಿ ಇತ್ತು" ಎಂದರೆ ಯಾರು ನಂಬುತ್ತಾರೆ?

ಈ ದಾಖಲೆ ಪರಿಹಾರಕ್ಕೆ ಮಾತ್ರವಲ್ಲ. ಬೆಂಬಲ ಬೆಲೆಗೆ ರಾಗಿ, ತೊಗರಿ ಮಾರಲು ನೋಂದಣಿ ಮಾಡಿಸುವಾಗಲೂ ಇದನ್ನೇ ನೋಡುತ್ತಾರೆ. ಬೆಳೆ ವಿಮೆ ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿರುವ ಬೆಳೆ ಇನ್ನೊಂದು ಆದರೆ ವಿಮೆ ಅರ್ಜಿ ತಿರಸ್ಕಾರವಾಗುತ್ತದೆ. ಅಡಿಕೆ ತೋಟದಲ್ಲಿ ಮೆಣಸು, ತೊಗರಿ ಸಾಲಿನ ನಡುವೆ ಹೆಸರು, ಇಂಥ ಮಿಶ್ರ ಬೆಳೆ ಇದ್ದರೆ ಎರಡನ್ನೂ ಹಾಕಿಸಿ.

ಐದನೆಯದು: ಎಷ್ಟು ಬರಬೇಕಿತ್ತು ಎಂದು ನೀವೇ ಲೆಕ್ಕ ಹಾಕಿ

ಪ್ರಕೃತಿ ವಿಕೋಪದ ಬೆಳೆ ಪರಿಹಾರಕ್ಕೆ ಕೇಂದ್ರದ ಮಾನದಂಡ ಇದೆ. 2022-23ರಿಂದ 2025-26ರವರೆಗಿನ ದರ ಹೀಗಿದೆ: ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ತೆಂಗು, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ 22,500. ಶೇಕಡ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾಗಿರಬೇಕು. ಒಬ್ಬ ರೈತರಿಗೆ ಗರಿಷ್ಠ 2 ಹೆಕ್ಟೇರ್.

ನಮಗೆ ಎಕರೆ ಲೆಕ್ಕವೇ ಸಲೀಸು ಅಲ್ವಾ? ಒಂದು ಹೆಕ್ಟೇರ್ ಎಂದರೆ ಸುಮಾರು 2.47 ಎಕರೆ. ಅಲ್ಲಿಗೆ ಮಳೆಯಾಶ್ರಿತ ಎಕರೆಗೆ ಸುಮಾರು 3,440, ನೀರಾವರಿಗೆ 6,880, ಬಹುವಾರ್ಷಿಕಕ್ಕೆ 9,100. ಒಂದು ಎಕರೆ ಇಪ್ಪತ್ತು ಗುಂಟೆ ಮಳೆಯಾಶ್ರಿತ ಮೆಕ್ಕೆಜೋಳ ಪೂರ್ತಿ ಹೋಯಿತು ಎನ್ನಿ. ಒಂದೂವರೆ ಎಕರೆ, 5,160 ರೂಪಾಯಿ ಆಸುಪಾಸು. ಹಾಕಿದ ಖರ್ಚಿಗೆ ಹೋಲಿಸಿದರೆ ಇದು ಏನೂ ಅಲ್ಲ. ಕಾಗದದಲ್ಲಿ ಇದರ ಹೆಸರೇ ಇನ್‌ಪುಟ್ ಸಬ್ಸಿಡಿ. ಮುಂದಿನ ಬಿತ್ತನೆಗೆ ಆಸರೆ ಎಂಬುದು ಇದರ ಉದ್ದೇಶ, ನಷ್ಟ ತುಂಬಿಕೊಡುವುದಲ್ಲ.

ಕೆಲವು ವರ್ಷ ರಾಜ್ಯ ಸರ್ಕಾರ ಮೇಲೆ ಹಣ ಸೇರಿಸುತ್ತದೆ. 2025ರ ಮುಂಗಾರಿನ ಅತಿವೃಷ್ಟಿಗೆ ಮೂರೂ ಬಗೆಯ ಬೆಳೆಗೆ ಹೆಕ್ಟೇರಿಗೆ 8,500 ಹೆಚ್ಚುವರಿ ಎಂದು ಘೋಷಿಸಿತು. ಹಾಗಾಗಿ ಲೆಕ್ಕ ಹಾಕುವ ಮೊದಲು ಆ ವರ್ಷದ ಆದೇಶ ಏನಿತ್ತು ಎಂದು ಕೇಳಿಕೊಳ್ಳಿ. ಕಂತಿನಲ್ಲಿ ಬರುವುದೂ ಉಂಟು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಆಗ ಮೊದಲ ಕಂತಾಗಿ ರಾಜ್ಯ ಕೊಟ್ಟಿದ್ದು ಒಬ್ಬ ರೈತರಿಗೆ 2,000 ರೂಪಾಯಿವರೆಗೆ ಮಾತ್ರ. ಕೇಂದ್ರದ ಹಣ ಬಂದಿದ್ದು 2024ರ ಏಪ್ರಿಲ್ ಕೊನೆಗೆ, ಅದೂ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ.

ಹಾನಿಯಾದಾಗ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳು ಜಂಟಿ ಸಮೀಕ್ಷೆ ಮಾಡುತ್ತವೆ. ಆ ದಿನ ಹೊಲದಲ್ಲಿ ಇರಿ. ನೀರು ನಿಂತ ಹೊಲದ ಫೋಟೊ, ತಾರೀಕು ಕಾಣುವಂತೆ, ನೀವೂ ತೆಗೆದಿಟ್ಟುಕೊಳ್ಳಿ. ನಂತರ ಹೆಸರು ಪರಿಹಾರ ತಂತ್ರಾಂಶಕ್ಕೆ ಏರುತ್ತದೆ. ಕಂದಾಯ ಇಲಾಖೆಯ ಪರಿಹಾರ ಪುಟದಲ್ಲಿ ವಿಕೋಪದ ಬಗೆ, ವರ್ಷ ಆಯ್ಕೆ ಮಾಡಿ ಎಫ್‌ಐಡಿ, ಆಧಾರ್ ಅಥವಾ ಸರ್ವೆ ನಂಬರ್ ಹಾಕಿದರೆ ಎಷ್ಟು ಹಣ, ಯಾವ ಬ್ಯಾಂಕು, ಜಮಾ ಆಯಿತೋ ವಾಪಸಾಯಿತೋ ಎಲ್ಲ ಕಾಣುತ್ತದೆ. ಹೆಸರೇ ಇಲ್ಲವೆಂದರೆ ತೊಂದರೆ ಮೇಲಿನ ಮೂರು ಹೆಜ್ಜೆಗಳಲ್ಲಿದೆ. ಹೆಸರಿದ್ದು ಹಣ ವಾಪಸಾಗಿದ್ದರೆ ತೊಂದರೆ ಬ್ಯಾಂಕಿನಲ್ಲಿದೆ. ಈ ಒಂದು ಪುಟ ನೋಡಿದರೆ ಅರ್ಧ ಓಡಾಟ ಉಳಿಯುತ್ತದೆ.

ವಿಮೆಯ ಲೆಕ್ಕ ಬೇರೆ. ಫಸಲ್ ಬಿಮಾ ಎಂಬ ಬೆಳೆ ವಿಮೆ ಯೋಜನೆಯಲ್ಲಿ ರೈತರು ಕಟ್ಟುವುದು ಮುಂಗಾರಿಗೆ ವಿಮಾ ಮೊತ್ತದ ಶೇಕಡ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟದ ಬೆಳೆಗೆ 5. ಉಳಿದದ್ದು ಸರ್ಕಾರದ್ದು. ಬರ, ಇಳುವರಿ ಕುಸಿತಕ್ಕೆ ಹಣ ಸಿಗುವುದು ಗ್ರಾಮ ಪಂಚಾಯಿತಿ ಅಥವಾ ಹೋಬಳಿ ಮಟ್ಟದ ಬೆಳೆ ಕಟಾವು ಪ್ರಯೋಗದ ಮೇಲೆ. ಪಕ್ಕದ ಪಂಚಾಯಿತಿಗೆ ಬಂದು ನಿಮಗೆ ಬರದೇ ಇದ್ದರೆ ಅದು ತಪ್ಪಲ್ಲದೆಯೂ ಇರಬಹುದು. ಆಲಿಕಲ್ಲು, ಹೊಲ ಮುಳುಗಿದಂಥ ನಿಮ್ಮೊಬ್ಬರ ಹಾನಿಯಾದರೆ 72 ಗಂಟೆಯೊಳಗೆ ದೂರು ಕೊಡಬೇಕು. ಸಹಾಯವಾಣಿ 14447. ಅರ್ಜಿಯ ಸ್ಥಿತಿ ಸಂರಕ್ಷಣೆ ಪೋರ್ಟಲ್‌ನಲ್ಲಿ ಸಿಗುತ್ತದೆ.

ಪಿಎಂ ಕಿಸಾನ್ ಕಂತು ನಿಂತಿದ್ದರೆ

ವರ್ಷಕ್ಕೆ 6,000, ಮೂರು ಕಂತು, ತಲಾ 2,000. ಏಪ್ರಿಲ್‌ನಿಂದ ಜುಲೈ, ಆಗಸ್ಟ್‌ನಿಂದ ನವೆಂಬರ್, ಡಿಸೆಂಬರ್‌ನಿಂದ ಮಾರ್ಚ್. ರಾಜ್ಯದಿಂದ ಇನ್ನೂ 4,000 ಸೇರುತ್ತಿದ್ದ ಕಾಲ ಒಂದಿತ್ತು. 2023ರಿಂದ ಅದು ಇಲ್ಲ, ಅದನ್ನು ಕಾಯಬೇಡಿ.

ಯೋಜನೆಯ ಜಾಲತಾಣದಲ್ಲಿ ನಿಮ್ಮ ಸ್ಥಿತಿ ನೋಡುವ ಕಡೆ ನೋಂದಣಿ ಸಂಖ್ಯೆ ಹಾಕಿ. ಮೂರು ಸಾಲು ಮುಖ್ಯ: ಲ್ಯಾಂಡ್ ಸೀಡಿಂಗ್ (ಭೂಮಿಯ ದಾಖಲೆ ಜೋಡಣೆ), ಇ-ಕೆವೈಸಿ (ನೀವೇ ಎಂಬ ಗುರುತಿನ ಖಾತ್ರಿ), ಆಧಾರ್ ಬ್ಯಾಂಕ್ ಸೀಡಿಂಗ್ (ಆಧಾರ್‌ಗೆ ಬ್ಯಾಂಕ್ ಜೋಡಣೆ). ಮೂರರ ಮುಂದೆಯೂ "ಹೌದು" ಇರಬೇಕು. ಲ್ಯಾಂಡ್ ಸೀಡಿಂಗ್ "ಇಲ್ಲ" ಎಂದಿದ್ದರೆ ಪಹಣಿ, ಎಫ್‌ಐಡಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಇ-ಕೆವೈಸಿಯನ್ನು ಮೊಬೈಲ್ ಒಟಿಪಿಯಿಂದ ಮಾಡಬಹುದು, ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮಾಡಿಸಬಹುದು. ದುಡಿದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗದಿದ್ದರೆ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡುವ ದಾರಿಯೂ ಇದೆ. ವಯಸ್ಸಾದವರಿಗೆ ಇದೇ ವಾಸಿ.

ಅರ್ಹತೆಯ ವಿಷಯ ಕೇಳಿಕೊಂಡು ಬೇಜಾರಾಗುವವರೂ ಇದ್ದಾರೆ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದು ಕುಟುಂಬ, ಅದರಲ್ಲಿ ಒಬ್ಬರಿಗೆ ಮಾತ್ರ. 2019ರ ಫೆಬ್ರುವರಿ 1ರ ನಂತರ ಕೊಂಡ ಭೂಮಿಗೆ ಸಿಗುವುದಿಲ್ಲ, ವಾರಸಾಗಿ ಬಂದಿದ್ದರೆ ಸಿಗುತ್ತದೆ. ಹಿಂದಿನ ವರ್ಷ ಆದಾಯ ತೆರಿಗೆ ಕಟ್ಟಿದವರು, ಸರ್ಕಾರಿ ನೌಕರರು (ಡಿ ಗುಂಪು ಬಿಟ್ಟು), ತಿಂಗಳಿಗೆ 10,000ಕ್ಕೆ ಕಡಿಮೆಯಿಲ್ಲದ ಪಿಂಚಣಿ ಪಡೆಯುವವರು, ವೃತ್ತಿಯಲ್ಲಿರುವ ವೈದ್ಯರು, ವಕೀಲರು ಇವರಿಗೆಲ್ಲ ಇಲ್ಲ. ಅನರ್ಹರಾಗಿ ಪಡೆದ ಹಣವನ್ನು ವಸೂಲಿ ಮಾಡುತ್ತಾರೆ. ನೋಟಿಸ್ ಬರುವ ಮೊದಲೇ ಜಾಲತಾಣದಲ್ಲಿ ವಾಪಸ್ ಕಟ್ಟುವುದು ಜಾಣತನ. ಫಲಾನುಭವಿ ತೀರಿಕೊಂಡರೂ ಅಷ್ಟೇ, ಕಚೇರಿಗೆ ತಿಳಿಸಿ, ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು. ದೂರಿಗೆ 155261ಕ್ಕೆ ಕರೆ ಮಾಡಬಹುದು.

ಎಚ್ಚರ: ವಾಟ್ಸಾಪ್ ಗುಂಪಿನಲ್ಲಿ ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಒತ್ತಬೇಡಿ. ಸ್ವಂತ ಅಣ್ಣನೇ ಕಳಿಸಿದ್ದರೂ ಒತ್ತಬೇಡಿ. ಅವರ ಫೋನೇ ಕಳ್ಳರ ಕೈಗೆ ಹೋಗಿರಬಹುದು.

ಈಗ ಬ್ಯಾಂಕು

"ಆಧಾರ್ ಲಿಂಕ್ ಆಗಿದೆ" ಎಂದು ಬ್ಯಾಂಕಿನವರು ಹೇಳುತ್ತಾರೆ, ಆದರೂ ಹಣ ಬರುವುದಿಲ್ಲ. ಯಾಕೆ? ಖಾತೆಗೆ ಆಧಾರ್ ಪ್ರತಿ ಕೊಟ್ಟು ಕೆವೈಸಿ ಮಾಡಿಸುವುದು ಒಂದು. ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಯಲ್ಲಿ "ಈ ಆಧಾರ್‌ನ ಹಣ ಈ ಬ್ಯಾಂಕಿಗೆ" ಎಂದು ದಾಖಲಾಗುವುದು ಇನ್ನೊಂದು. ಸರ್ಕಾರ ಆಧಾರ್ ನಂಬರಿಗೆ ಹಣ ಹಾಕುತ್ತದೆ, ಅದು ಎನ್‌ಪಿಸಿಐ ಪಟ್ಟಿಯಲ್ಲಿರುವ ಬ್ಯಾಂಕಿಗೇ ಹೋಗುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಕೊನೆಗೆ ಜೋಡಿಸಿದ್ದು ಯಾವುದೋ ಅದೇ.

ಹಾಗಾಗಿ ಹಣ ಬಂದಿಲ್ಲ ಎನ್ನುವವರಲ್ಲಿ ಕೆಲವರಿಗೆ ಹಣ ಬಂದೇ ಇರುತ್ತದೆ, ಮರೆತುಹೋದ ಖಾತೆಗೆ. ಸಂಘದವರು ತೆರೆಸಿದ್ದು, ಸಿಮ್ ಕೊಂಡಾಗ ತೆರೆದುಕೊಂಡ ಪೇಮೆಂಟ್ಸ್ ಬ್ಯಾಂಕಿನದ್ದು, ಮಗ ಮೊಬೈಲಿನಲ್ಲಿ ತೆರೆದದ್ದು. ಆಧಾರ್ ಜಾಲತಾಣದಲ್ಲಿ ಒಟಿಪಿ ಹಾಕಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಬ್ಯಾಂಕಿನ ಹೆಸರು ಗೊತ್ತಾಗುತ್ತದೆ. ಸರ್ಕಾರದ ಹಣ ನೇರ ಖಾತೆಗೆ ಬರುವುದಕ್ಕೆ ಡಿಬಿಟಿ ಎನ್ನುತ್ತಾರೆ. ರಾಜ್ಯದ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಯಾವ ಯೋಜನೆಯ ಹಣ ಯಾವತ್ತು ಯಾವ ಖಾತೆಗೆ ಬಿತ್ತು ಎಂಬುದೂ ಕಾಣುತ್ತದೆ. ಗೃಹಲಕ್ಷ್ಮಿಗೆ ಅಂತ ಮನೆಯ ಹೆಂಗಸರು ಈ ಆ್ಯಪ್ ಆಗಲೇ ಹಾಕಿಕೊಂಡಿರಬಹುದು, ಕೇಳಿ ನೋಡಿ.

ಖಾತೆ ಬದಲಿಸಬೇಕೆಂದರೆ ಬೇಕಾದ ಬ್ಯಾಂಕಿಗೆ ಹೋಗಿ "ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿ" ಎಂದು ಅರ್ಜಿ ಬರೆದುಕೊಡಿ. ಬರೀ "ಆಧಾರ್ ಲಿಂಕ್" ಎನ್ನಬೇಡಿ. ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಶಾಖೆಯಲ್ಲಿ ಸತಾಯಿಸಿದರೆ ಅಂಚೆ ಪೇಮೆಂಟ್ಸ್ ಬ್ಯಾಂಕ್ ಇದೆ. ಊರಿನ ಪೋಸ್ಟ್‌ಮನ್ನೇ ಖಾತೆ ತೆರೆದು ಆಧಾರ್ ಜೋಡಿಸಿ ಕೊಡುತ್ತಾರೆ.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ವ್ಯವಹಾರ ಇಲ್ಲದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಕೆವೈಸಿ ಕೊಟ್ಟು ಚಾಲೂ ಮಾಡಿಸಿ. ಬ್ಯಾಂಕುಗಳ ವಿಲೀನವೂ ನಮ್ಮ ಹಳ್ಳಿಗಳಿಗೆ ಸಾಕಷ್ಟು ತಲೆನೋವು ಕೊಟ್ಟಿದೆ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿದವು. 2025ರ ಮೇ 1ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾಗಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಎಫ್‌ಐಡಿಯಲ್ಲಿ ಹಳೇ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ (ಶಾಖೆಯ ಗುರುತಿನ ಸಂಖ್ಯೆ) ಉಳಿದಿದ್ದರೆ ಹೊಸ ಪಾಸ್‌ಬುಕ್ ಕೊಟ್ಟು ಸರಿಪಡಿಸಿ.

ಇನ್ನೊಂದು ಗೋಳು, ಬಂದ ಪರಿಹಾರವನ್ನು ಬೆಳೆಸಾಲಕ್ಕೆ ಹಿಡಿದುಕೊಳ್ಳುವುದು. 2024ರಲ್ಲಿ ಬರ ಪರಿಹಾರದ ಹಣವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬಾರದು ಎಂದು ಜಿಲ್ಲಾಧಿಕಾರಿಗಳು ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದ್ದರು. ನಿಮ್ಮಲ್ಲಿ ಹಾಗಾದರೆ ಶಾಖೆಯಲ್ಲಿ ಜಗಳಕ್ಕೆ ನಿಲ್ಲಬೇಡಿ. ಪಾಸ್‌ಬುಕ್ ಎಂಟ್ರಿಯ ಪ್ರತಿ ಇಟ್ಟು ತಹಸೀಲ್ದಾರರಿಗೆ ಮತ್ತು ಜಿಲ್ಲೆಯ ಲೀಡ್ ಬ್ಯಾಂಕ್ ವ್ಯವಸ್ಥಾಪಕರಿಗೆ ಅರ್ಜಿ ಕೊಡಿ.

ಯಂತ್ರ, ಹನಿ ನೀರಾವರಿ, ಹೊಂಡ

ಇಲ್ಲಿ ಒಂದೇ ನಿಯಮ ನೆನಪಿಡಿ: ಮೊದಲು ಅರ್ಜಿ, ಆಮೇಲೆ ಕಾರ್ಯಾದೇಶ (ಇಲಾಖೆಯ ಲಿಖಿತ ಒಪ್ಪಿಗೆ), ಆಮೇಲೆ ಖರೀದಿ. ಅಂಗಡಿಯವರು "ತಗೊಂಡು ಹೋಗಿ, ಸಬ್ಸಿಡಿ ನಾನು ಮಾಡಿಸಿಕೊಡ್ತೀನಿ" ಅಂದರೆ ಬೇಡ ಎನ್ನಿ. ಮೊದಲೇ ಕೊಂಡದ್ದಕ್ಕೆ ಸಹಾಯಧನ ಕೇಳಲು ಬರುವುದಿಲ್ಲ.

ಕೃಷಿ ಯಂತ್ರಗಳಿಗೆ ಸಾಮಾನ್ಯ ವರ್ಗಕ್ಕೆ ಶೇಕಡ 50, ಪರಿಶಿಷ್ಟರಿಗೆ 90. ಆದರೆ ಪ್ರತಿ ಯಂತ್ರಕ್ಕೂ ಗರಿಷ್ಠ ಮಿತಿ ಇದೆ, ಬೆಲೆ ಅದಕ್ಕಿಂತ ಜಾಸ್ತಿ ಇದ್ದರೆ ಉಳಿದದ್ದು ನಿಮ್ಮದೇ. ಕೃಷಿ ಭಾಗ್ಯದ ಹೊಂಡಕ್ಕೆ 80 ಮತ್ತು 90. ರೈತರ ವಂತಿಗೆಯನ್ನು ಬ್ಯಾಂಕ್ ಮೂಲಕವೇ ಕಟ್ಟಿ, ಕೈಯಲ್ಲಿ ಕೊಡಬೇಡಿ. ಇಲಾಖೆ ಒಪ್ಪಿದ ಕಂಪನಿಗಳ ಪಟ್ಟಿ ಕೇಂದ್ರದಲ್ಲಿ ಸಿಗುತ್ತದೆ. ಯಾವ ಕಂಪನಿಯದ್ದು ಎಂದು ಆರಿಸುವುದು ನಿಮ್ಮ ಹಕ್ಕು. ಹಾಗೆಯೇ ಅದೇ ಸಾಮಾನಿನ ಹೊರಗಿನ ದರವನ್ನೂ ಒಮ್ಮೆ ವಿಚಾರಿಸಿ. ಸಬ್ಸಿಡಿ ಕಳೆದ ಮೇಲೂ ಅಂಗಡಿ ದರದಷ್ಟೇ ಆಗುತ್ತಿದ್ದರೆ ಲಾಭ ಯಾರಿಗೆ ಹೋಯಿತು ಎಂದು ಬೇರೆ ಹೇಳಬೇಕಿಲ್ಲ.

ಹಣಕಾಸು ವರ್ಷ ಏಪ್ರಿಲ್‌ಗೆ ಶುರು. ಇಲಾಖೆಗೆ ಕೊಟ್ಟ ಗುರಿ ಮುಗಿದರೆ ಆ ವರ್ಷಕ್ಕೆ ಮುಗಿದಂತೆ. ಮುಂಗಾರು ಬಿತ್ತನೆಯ ಗಡಿಬಿಡಿಗೆ ಮುಂಚೆ ಅರ್ಜಿ ಕೊಟ್ಟುಬಿಡಿ. ಫೆಬ್ರುವರಿಯಲ್ಲಿ ಕೇಳಿದರೆ ಸಿಗುವುದು "ಅನುದಾನ ಇಲ್ಲ" ಎಂಬ ಮಾತು.

ಊರಿನ ಪಟ್ಟಿ ನೋಡುವುದು

ಪಿಎಂ ಕಿಸಾನ್ ಫಲಾನುಭವಿಗಳ ಪಟ್ಟಿ ಊರುವಾರು ಜಾಲತಾಣದಲ್ಲೇ ಇದೆ. ಪರಿಹಾರದ ಹಣ ಯಾರಿಗೆ ಎಷ್ಟು ಹೋಯಿತು ಎಂಬ ಪಟ್ಟಿಯೂ ಕಂದಾಯ ಇಲಾಖೆಯ ಪುಟದಲ್ಲಿ ಊರುವಾರು ಸಿಗುತ್ತದೆ. ನೋಡಿ, ತಪ್ಪಿಲ್ಲ, ಸಾರ್ವಜನಿಕ ಹಣ. ಆದರೆ ಅಂಕಿ ಓದುವಾಗ ದುಡುಕಬೇಡಿ. ಒಬ್ಬರಿಗೆ ಹತ್ತು ಸಾವಿರ, ಇನ್ನೊಬ್ಬರಿಗೆ ಮೂರು ಎಂದಾಕ್ಷಣ ಮೋಸ ಅಲ್ಲ. ನೀರಾವರಿ, ಮಳೆಯಾಶ್ರಿತ ದರದಲ್ಲೇ ದುಪ್ಪಟ್ಟು ವ್ಯತ್ಯಾಸ ಇದೆ. ಹುಡುಕಬೇಕಾದದ್ದು ಬೇರೆ: ಊರಲ್ಲಿ ಭೂಮಿಯೇ ಇಲ್ಲದವರ ಹೆಸರು, ತೀರಿಕೊಂಡವರ ಹೆಸರು, ಕೊಳವೆ ಬಾವಿಯೇ ಇಲ್ಲದ ಹೊಲಕ್ಕೆ ನೀರಾವರಿ ದರ, ಬೀಳು ಬಿದ್ದ ಹೊಲಕ್ಕೆ ತೋಟದ ದರ. ಇಂಥದ್ದು ಕಂಡರೆ ಸರ್ವೆ ನಂಬರ್ ಸಮೇತ ಬರೆದುಕೊಂಡು ಗ್ರಾಮಸಭೆಯಲ್ಲಿ ಎತ್ತಿ. ಹೆಸರು ಹಿಡಿದು ವಾಟ್ಸಾಪ್‌ನಲ್ಲಿ ಹಾಕಿದರೆ ಜಗಳ ಬೆಳೆಯುತ್ತದೆ, ಕೆಲಸ ಆಗುವುದಿಲ್ಲ.

ಯಾರೂ ಉತ್ತರ ಕೊಡದಿದ್ದರೆ

ಬಾಯಿಮಾತಿನ ವಿಚಾರಣೆಗೆ ಬಾಯಿಮಾತಿನ ಉತ್ತರವೇ ಸಿಗುತ್ತದೆ. ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ನಾಡ ಕಚೇರಿ, ತಾಲ್ಲೂಕು ಕಚೇರಿಯ ಹಲವು ಸೇವೆಗಳು ಸಕಾಲ ಯೋಜನೆಯಲ್ಲಿವೆ, ಅಂದರೆ ಇಷ್ಟು ದಿನದಲ್ಲಿ ಮುಗಿಸಬೇಕು ಎಂಬ ಗಡುವು ಅವಕ್ಕಿದೆ. 2011ರ ಕಾಯ್ದೆ, 2012ರಿಂದ ಜಾರಿಯಲ್ಲಿದೆ. ಅರ್ಜಿಗೆ ಸಿಗುವ ಸಕಾಲ ಸಂಖ್ಯೆಯನ್ನು ಜೋಪಾನ ಮಾಡಿ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500ರವರೆಗೆ ಪರಿಹಾರ ಕೇಳಬಹುದು. ಹಣ ದೊಡ್ಡದಲ್ಲ, ಆದರೆ ಮೇಲ್ಮನವಿ ಹಾಕಿದ ಅರ್ಜಿಯ ಕಡತ ಬೇಗ ಚಲಿಸುತ್ತದೆ.

ಅದಕ್ಕೂ ಬಗ್ಗದಿದ್ದರೆ ಮಾಹಿತಿ ಹಕ್ಕು ಅರ್ಜಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. "ನನಗೆ ಯಾಕೆ ಹಣ ಬಂದಿಲ್ಲ" ಎಂದು ಕೇಳಬೇಡಿ. ಅದು ಪ್ರಶ್ನೆ, ದಾಖಲೆ ಅಲ್ಲ. ಹೀಗೆ ಕೇಳಿ: "ಇಂಥ ಗ್ರಾಮದ ಇಂಥ ಸರ್ವೆ ನಂಬರಿಗೆ ಇಂಥ ವರ್ಷ ನಡೆದ ಜಂಟಿ ಸಮೀಕ್ಷೆಯ ವರದಿ, ಪರಿಹಾರ ತಂತ್ರಾಂಶದಲ್ಲಿ ಮಾಡಿದ ನಮೂದು ಮತ್ತು ಪಾವತಿ ಸ್ಥಿತಿಯ ದೃಢೀಕೃತ ಪ್ರತಿ ಕೊಡಿ." ತಾಲ್ಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೆ ಶುಲ್ಕ ಇಲ್ಲ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು. ಅರ್ಜಿ ಕಳಿಸಿದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಗಡುವು ಮೀರಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.